ನಮ್ಮ ಮನೆಯ ಕೋಳಿಗಳು

ನಮ್ಮ ಮನೆಯಲ್ಲಿ ಐದು ಹೇಂಟೆ, ಒಂದು ಹುಂಜ ಇವೆ. ಮೊಟ್ಟೆ ಇಟ್ಟರೆ ಸಾಕು, ಊರಿಗೆಲ್ಲಾ ಡಂಗುರ ಸಾರುತ್ತವೆ. ಸ್ವಲ್ಪ ಹೊತ್ತಿಗೆ ತಾವಾಗಿ ಸುಮ್ಮನಾಗುತ್ತವೆ. ಆದರೆ ಎಲ್ಲವೂ ಒಟ್ಟಿಗೆ ಕಿರುಚಿದರೆ ಹದ್ದೋ ಮುಂಗುಸಿಯೋ ಬಂದಿದೆ ಅಂತ ಓಡಬೇಕು.

ಹೋದ ಬೇಸಿಗೆಯಲ್ಲಿ ಅಪ್ಪ ನಾಲ್ಕು ಗಿರಿರಾಜ ಮರಿ ತಂದರು. ಇದು ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ತಳಿ. "ಈಗ್ಲೇ ಬಿಡಬೇಡ ಕಣೋ, ದೊಡ್ಡವು ಕುಕ್ಕಿ ಸಾಯಿಸ್ತವೆ" ಅಂತ ಅಜ್ಜಿ ಹೇಳಿತು. ನಾನು ಕೇಳಲಿಲ್ಲ. ಅಂಗಳಕ್ಕೆ ಬಿಟ್ಟೆ. ಕರಿ ಹೇಂಟೆ ಒಂದು ಮರಿಯ ತಲೆಗೆ ಕುಕ್ಕಿತು. ಅರಿಶಿನ ಹಚ್ಚಿದೆವು. ಆದರೂ ಬೆಳಿಗ್ಗೆ ಅದು ಸತ್ತಿತ್ತು. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಉಳಿದ ಮೂರನ್ನು ಅಂಗಳದಲ್ಲೇ ಸಂದಿ ಇರುವ ದೊಡ್ಡ ಮಂಕರಿ ಕವುಚಿ ಸಾಕಿದೆವು. ದೊಡ್ಡ ಕೋಳಿಗಳಿಗೆ ನೋಡಿ ನೋಡಿ ಅಭ್ಯಾಸವಾಯಿತು. ಮರಿಗಳು ಬಲಿತ ಮೇಲೆ ಒಂದು ರಾತ್ರಿ ಗೂಡಿನೊಳಗೆ ಮೆಲ್ಲಗೆ ಬಿಟ್ಟೆವು. ಕತ್ತಲಲ್ಲಿ ಕೋಳಿಗೆ ಸರಿಯಾಗಿ ಕಣ್ಣು ಕಾಣುವುದಿಲ್ಲ, ಅದಕ್ಕೆ ಜಗಳ ಆಡಲಿಲ್ಲ. ಬೆಳಿಗ್ಗೆ ಕಾಳನ್ನು ಎರಡು ಕಡೆ ಚೆಲ್ಲಿದೆವು. ಎರಡು ದಿನ ಅಷ್ಟಿಷ್ಟು ಕುಕ್ಕಾಟ ನಡೆಯಿತು. ರಕ್ತ ಬರಲಿಲ್ಲ. ಆಮೇಲೆ ಸರಿಹೋಯಿತು.

ಈಗ ಆ ಮೂರರಲ್ಲಿ ಒಂದು ಮೊಟ್ಟೆ ಇಡುತ್ತಿದೆ. ಎಲ್ಲಕ್ಕಿಂತ ಜೋರಾಗಿ ಕೂಗುವುದೂ ಅದೇ. ಗೆಳೆಯರೇ, ನಿಮ್ಮ ಮನೆಗೆ ಮರಿ ತಂದರೆ ನನ್ನ ಹಾಗೆ ಅವಸರ ಮಾಡಬೇಡಿ.