ಚೀಲ, ಪಿಶವಿ

ನಮ್ಮ ಕಲಬುರಗಿ ಕಡೆ ಇದಕ್ಕೆ ‘ಚೀಲ ತೆಗಿಸೋದು’ ಅನ್ನುತ್ತಾರೆ. ಬದಲಾಪುರದ ನಮ್ಮ ಬಿಲ್ಡಿಂಗಿನ ಮರಾಠಿ ಹೆಂಗಸರು ‘ಪಿಶವಿ ಕಾಢಲಿ’ ಅನ್ನುತ್ತಾರೆ. ಪಿಶವಿ ಅಂದರೂ ಚೀಲವೇ, ಬಾಜಾರಿಗೆ ಒಯ್ಯುತ್ತೇವಲ್ಲ ಅದೇ. ಎರಡೂ ಭಾಷೆಯವರು ಮಾತಾಡಿಕೊಂಡು ಇಟ್ಟ ಹಾಗಿದೆ ಹೆಸರು. ತುಂಬಿಕೊಂಡು ಬರುವ ತನಕ ಬೇಕು, ಆಮೇಲೆ ಮೂಲೆಗೆ.

ನನಗೆ ತೊಂದರೆ ಶುರುವಾದದ್ದು 42ನೇ ವಯಸ್ಸಿಗೆ. ನಾಲ್ಕು ದಿನದ ಮುಟ್ಟು ಒಂಬತ್ತು ದಿನವಾಯಿತು, ಹನ್ನೊಂದಾಯಿತು. ನನ್ನ ಕೆಲಸ ದಾದರಿನಲ್ಲಿ, ಲೆಕ್ಕಪತ್ರದ್ದು. ಬದಲಾಪುರದಿಂದಲೇ ಹೊರಡುವ ಲೋಕಲ್ ಸಿಕ್ಕರೆ ಕೂರಲು ಜಾಗ ಸಿಗುತ್ತದೆ, ಆದರೆ ದಾದರ್ ತಲುಪಲು ಒಂದು ಗಂಟೆಯ ಮೇಲೆ ಬೇಕು, ಮತ್ತು ಲೋಕಲ್ಲಿನಲ್ಲಿ ಶೌಚಾಲಯ ಇರುವುದಿಲ್ಲ. ಎರಡನೆಯ, ಮೂರನೆಯ ದಿನ ಠಾಣೆಯಲ್ಲಿ ಇಳಿದು, ಪ್ಯಾಡ್ ಬದಲಿಸಿ, ಹಿಂದಿನ ಗಾಡಿಗೆ ನುಗ್ಗುತ್ತಿದ್ದೆ. ತಿಳಿ ಬಣ್ಣದ ಚೂಡಿದಾರಗಳೆಲ್ಲ ಕಪಾಟಿನ ಹಿಂದಕ್ಕೆ ಹೋದವು. ಆಫೀಸಿನ ಕುರ್ಚಿಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟವೆಲ್. ಲೇಡೀಸ್ ಡಬ್ಬಿಯ ಗೆಳತಿಯರಿಗೆ ಹೇಳದೆಯೇ ಗೊತ್ತಾಗಿತ್ತು. ನಾನು ಎದ್ದಾಗ ಹಿಂದೆ ಒಬ್ಬಳು ನಿಂತು ನೋಡಿ, ‘ಠೀಕ್ ಆಹೇ’ ಅನ್ನುವಳು. ಆ ಒಂದು ಮಾತಿನ ಮೇಲೆ ನನ್ನ ಬೆಳಗುಗಳು ನಿಂತಿದ್ದವು.

ಸ್ಟೇಷನ್ನಿನ ಸೇತುವೆ ಹತ್ತುವಾಗ ಮೂರು ಕಡೆ ನಿಲ್ಲುವ ಹಾಗಾದಾಗ ರಕ್ತ ಪರೀಕ್ಷೆಯಾಯಿತು. ಹಿಮೋಗ್ಲೋಬಿನ್ 6.8. ಸೋನೋಗ್ರಫಿಯಲ್ಲಿ ಗರ್ಭಕೋಶದ ಗೋಡೆಯಲ್ಲಿ 7 ಸೆಂಟಿಮೀಟರಿನ ಒಂದು ಗಡ್ಡೆ, ಫೈಬ್ರಾಯ್ಡ್. ಪಕ್ಕದಲ್ಲಿ ಎರಡು ಚಿಕ್ಕವು. ಮೊದಲು ತೋರಿಸಿದ ನರ್ಸಿಂಗ್ ಹೋಮಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಮೆಡಿಕ್ಲೇಮ್ ಎಷ್ಟರದ್ದು ಅಂತ. ಆಮೇಲೆ, “ಎರಡು ಮಕ್ಕಳಾಗಿವೆ, ಇನ್ನು ಇದರಿಂದ ಏನು ಉಪಯೋಗ? ಅಂಡಾಶಯಗಳನ್ನೂ ತೆಗೆದುಬಿಡೋಣ, ಮುಂದೆ ಕ್ಯಾನ್ಸರಿನ ಚಿಂತೆಯೇ ಇರುವುದಿಲ್ಲ. ಗುರುವಾರ ಬನ್ನಿ” ಅಂದರು.

ಕ್ಯಾನ್ಸರ್ ಅನ್ನುವ ಆ ಮಾತನ್ನು ನಾನು ಮೊದಲೇ ಕೇಳಿದ್ದೆ. ನಮ್ಮ ಚಿಗವ್ವನಿಗೆ 29 ವರ್ಷವಿದ್ದಾಗ ಹೀಗೇ ಹೇಳಿದ್ದರು. ಆಕೆಗೆ ಇದ್ದದ್ದು ಬಿಳಿಸೆರಗು, ಸೊಂಟನೋವು. ಬೆಳತನಕ ತೊಗರಿ ಕೊಯ್ದವಳಿಗೆ ಸೊಂಟ ನೋಯದೆ ಇನ್ನೇನಾದೀತು. “ಹಂಗೇ ಬಿಟ್ರ ಕ್ಯಾನ್ಸರ್ ಆಗ್ತದ” ಅಂತ ಹೆದರಿಸಿ, ವಾರದೊಳಗೆ ಆಪರೇಷನ್. ಕಾಕಾ ಎರಡು ಎಕರೆ ಹೊಲ ಒತ್ತಿ ಹಾಕಿ ರೊಕ್ಕ ತಂದ. ತಿಂಗಳೊಳಗೆ ಚಿಗವ್ವನಿಗೆ ಮೈಯೆಲ್ಲ ಬೆಂಕಿ ಹತ್ತಿದ ಹಾಗೆ ಆಗತೊಡಗಿತು, ಮಾಘದ ಚಳಿಯಲ್ಲೂ ರಾತ್ರಿ ಅಂಗಳಕ್ಕೆ ಬಂದು ಕೂರುತ್ತಿದ್ದಳು. ಅಂಡಾಶಯಗಳನ್ನೂ ತೆಗೆದಿದ್ದರೇ? ಹಾಗೇ ಇರಬೇಕು. ಆದರೆ ಆಕೆಯ ಹತ್ತಿರ ಒಂದು ಚೀಟಿಯೂ ಇಲ್ಲ.

ಚಿಗವ್ವನದು ಒಂಟಿ ಕಥೆಯಲ್ಲ. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ, ದಲಿತ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಬೇಕಿಲ್ಲದೆ ತೆಗೆದ ವಿಷಯ ಹೊರಬಂದು ತನಿಖೆಯಾಯಿತು. ಕರ್ನಾಟಕ ಜನಾರೋಗ್ಯ ಚಳವಳಿಯವರು ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದರು. ನಾನು ಈಗ ಇರುವ ರಾಜ್ಯದಲ್ಲೂ ಅದೇ. ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ಹೋಗುವ ಹೆಂಗಸರನ್ನು 2019ರಲ್ಲಿ ಸಮೀಕ್ಷೆ ಮಾಡಿದಾಗ, ಸುಮಾರು 82,000 ಮಂದಿಯಲ್ಲಿ 13,000ಕ್ಕೂ ಹೆಚ್ಚಿನವರು ಗರ್ಭಕೋಶ ಕಳೆದುಕೊಂಡಿದ್ದರು. ಅಲ್ಲಿ ಗಂಡ-ಹೆಂಡತಿ ಸೇರಿ ಒಂದು ‘ಕೋಯ್ತಾ’, ಅಂದರೆ ಒಂದು ಕುಡುಗೋಲು. ಒಂದು ದಿನ ಬಿಟ್ಟರೆ ದಂಡ. ಮುಟ್ಟು ಅನ್ನುವುದೇ ಅವರಿಗೆ ಸಾಲದ ಬಾಬತ್ತು. ಇಂಥದ್ದರ ಬಗ್ಗೆ ಡಾಕ್ಟರ್ ನರೇಂದ್ರ ಗುಪ್ತಾ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ, ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಹೇಳಿತು.

ಇದೆಲ್ಲ ತಲೆಯಲ್ಲಿದ್ದವಳಿಗೆ ಗುರುವಾರ ಹೋಗಲು ಹೇಗೆ ಮನಸ್ಸು ಬಂದೀತು? ನನ್ನ ಕಷ್ಟ ಬೇರೆಯೇ ಇತ್ತು. ಚಿಗವ್ವನಿಗೆ ಬೇಡವಾಗಿದ್ದ ಆಪರೇಷನ್ ನನಗೆ ನಿಜವಾಗಿಯೂ ಬೇಕೇ, ಅಥವಾ ನನಗೂ ಮಾರುತ್ತಿದ್ದಾರೆಯೇ? ಹೊಟ್ಟೆಯೊಳಗಿನ ವಿಷಯವನ್ನು ಹೊರಗಿನಿಂದ ತೂಗಿ ನೋಡುವ ತಕ್ಕಡಿ ನಮ್ಮ ಕೈಲಿಲ್ಲ.

ಡೊಂಬಿವಲಿಯಲ್ಲಿ ಒಬ್ಬ ಡಾಕ್ಟರ್ ಬಾಯಿ ಇದ್ದಾರೆಂದು ಡಬ್ಬಿಯ ಗೆಳತಿಯೇ ಹೇಳಿದ್ದು. ಅವರು ಅರ್ಧ ಗಂಟೆ ಕೊಟ್ಟರು, ಕಾಗದದ ಮೇಲೆ ಪೇರಲ ಹಣ್ಣಿನ ಹಾಗೆ ಗರ್ಭಕೋಶ ಬರೆದು ತೋರಿಸಿದರು. ಫೈಬ್ರಾಯ್ಡ್ ಬಹುಪಾಲು ಕ್ಯಾನ್ಸರ್ ಆಗುವುದಿಲ್ಲ. ತೊಂದರೆ ಕೊಡದಿದ್ದರೆ ಮುಟ್ಟಬೇಕಾಗಿಯೂ ಇಲ್ಲ, ಮುಟ್ಟು ನಿಂತ ಮೇಲೆ ತಾನೇ ಕುಗ್ಗುತ್ತದೆ. ರಕ್ತಸ್ರಾವ ತಡೆಯಲು ಮಾತ್ರೆಗಳಿವೆ, ಹಾರ್ಮೋನಿನ ವಂಕಿ ಇದೆ, ಗಡ್ಡೆಯನ್ನಷ್ಟೇ ತೆಗೆಯುವುದಿದೆ, ಗಡ್ಡೆಗೆ ಹೋಗುವ ರಕ್ತನಾಳವನ್ನು ಮುಚ್ಚುವುದೂ ಇದೆ. “ಮೊದಲು ಒಳಪದರದ ಬಯಾಪ್ಸಿ ಮಾಡೋಣ. ಆಮೇಲೆ ಚಿಕ್ಕದರಿಂದ ಶುರು ಮಾಡೋಣ. ನೀವು ಬೇಡ ಅನ್ನುವವರೆಗೆ ಅದು ನಿಮ್ಮದೇ” ಅಂದರು.

ಬಯಾಪ್ಸಿಯಲ್ಲಿ ಏನೂ ಇರಲಿಲ್ಲ. ವಂಕಿ ಹಾಕಿಸಿಕೊಂಡೆ. ಗಡ್ಡೆಯಿಂದ ಒಳಗಿನ ಜಾಗ ಸೊಟ್ಟಗಾಗಿತ್ತೋ ಏನೋ, ಮೂರನೇ ತಿಂಗಳು ಹೆಪ್ಪುಗಟ್ಟಿದ ರಕ್ತದ ಜೊತೆ ಅದೂ ಹೊರಬಂತು. ಮಾತ್ರೆಗಳು ಸ್ವಲ್ಪ ದಿನ ಹಿಡಿದವು, ಬಿಟ್ಟವು. ಎಂಟು ತಿಂಗಳು ಹೀಗೆ ಕಳೆದ ಮೇಲೆ ನಾನೇ ಹೋಗಿ, “ತೆಗೆದುಬಿಡಿ ಬಾಯಿ, ಅಂಡಾಶಯ ಮಾತ್ರ ಬಿಡಿ” ಅಂದೆ. ಆ ಎಂಟು ತಿಂಗಳು ವ್ಯರ್ಥ ಅಂತ ನಮ್ಮ ಮನೆಯವರು ಈಗಲೂ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬೇರೆ ಬಾಗಿಲುಗಳನ್ನೆಲ್ಲ ತಟ್ಟಿ ನೋಡಿದ್ದರಿಂದಲೇ ಆ ಮಾತು ನನ್ನ ಬಾಯಿಂದ ಬಂತು.

ಐರನ್ ಸಲೈನ್ ಐದು ಸಲ ಏರಿಸಿ, ಹಿಮೋಗ್ಲೋಬಿನ್ 10 ದಾಟಿದ ಮೇಲೆ ದಿನ ಗೊತ್ತಾಯಿತು. ಕಲ್ಯಾಣದಲ್ಲಿ, ದೂರ್ಬೀನಿನ ಆಪರೇಷನ್. ಒಪ್ಪಿಗೆ ಪತ್ರ ಮರಾಠಿ, ಇಂಗ್ಲಿಷ್ ಎರಡರಲ್ಲೂ ಇತ್ತು. ಅಚ್ಚಾದ ಸಾಲಿನಲ್ಲಿ ‘ಅಂಡಾಶಯಗಳೊಂದಿಗೆ ಅಥವಾ ಇಲ್ಲದೆ’ ಅಂತಿತ್ತು. ‘ಅಂಡಾಶಯಗಳೊಂದಿಗೆ’ ಅನ್ನುವುದನ್ನು ಹೊಡೆದು, ಒಳಗೆ ಕೆಟ್ಟದ್ದೇನೂ ಕಾಣದಿದ್ದರೆ ಉಳಿಸಬೇಕು ಎಂದು ಬರೆಸಿ, ಪಕ್ಕದಲ್ಲಿ ಸಹಿ ಮಾಡಿದೆ. ಸಿಸ್ಟರ್ ನನ್ನನ್ನು ವಕೀಲಳೋ ಎಂಬಂತೆ ನೋಡಿದಳು.

ಆಪರೇಷನ್ನಿನ ಬಗ್ಗೆ ಹೇಳಲು ನನ್ನ ಹತ್ತಿರ ಏನಿದೆ, ನಾನು ಮಲಗಿದ್ದೆ. ನೋಡಿದವರು ನಮ್ಮ ಮನೆಯವರು. ಮುಗಿದ ಮೇಲೆ ಅವರನ್ನು ಒಳಗೆ ಕರೆದು ಸ್ಟೀಲ್ ತಟ್ಟೆಯಲ್ಲಿ ತೋರಿಸಿದರಂತೆ. ಎರಡು ದಿನ ಅವರು ಆ ಮಾತೇ ಎತ್ತಲಿಲ್ಲ. ನಾನೇ ಕೇಳಿದಾಗ, “ಸಣ್ಣ ತೆಂಗಿನಕಾಯಿಯಷ್ಟಿತ್ತು. ಇಬ್ಬರೂ ಮಕ್ಕಳು ಅದರಲ್ಲೇ ಇದ್ದರಾ ಅಂತ ಅನ್ನಿಸಿತು” ಅಂದರು. ಹದಿನೆಂಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಇಂಥ ಮಾತಾಡಿದ್ದು ನಾನು ಕೇಳಿರಲಿಲ್ಲ.

ಎಚ್ಚರವಾದಾಗ ಹೊಟ್ಟೆಗಿಂತ ಬಲಭುಜ ನೋಯುತ್ತಿತ್ತು. ಹೊಟ್ಟೆ ಉಬ್ಬಿಸಲು ತುಂಬುವ ಗ್ಯಾಸ್ ಪೂರ್ತಿ ಹೋಗುವ ತನಕ ಹಾಗಾಗುತ್ತದಂತೆ. ಮರುದಿನವೇ ನಡೆಸಿದರು. ಮನೆಗೆ ಬಂದ ಮೇಲೆ ದೊಡ್ಡ ಶತ್ರು ಮಲಬದ್ಧತೆ, ಅದಕ್ಕೆ ಇಸಬ್‌ಗೋಲ್. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿಕೊಳ್ಳಬೇಕು. ಆರು ವಾರ ಭಾರ ಎತ್ತುವಂತಿಲ್ಲ. ನಮ್ಮ ಬಿಲ್ಡಿಂಗಿಗೆ ಲಿಫ್ಟಿಲ್ಲ, ನೀರು ಬಂದಾಗ ತುಂಬಿಡಬೇಕು. ಗಂಡನೂ ಮಕ್ಕಳೂ ಬಕೆಟ್ ಎತ್ತುವುದನ್ನು ಕೂತು ನೋಡುವುದೇ ನನಗೆ ಎಲ್ಲಕ್ಕಿಂತ ಕಷ್ಟದ ಪಥ್ಯವಾಗಿತ್ತು.

ಅವ್ವ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದಳು. ಆ ಗಾಡಿ ಬದಲಾಪುರದ ಮೇಲೇ ಹಾದರೂ ಇಲ್ಲಿ ನಿಲ್ಲದೆ ಕಲ್ಯಾಣಕ್ಕೆ ಹೋಗುತ್ತದೆ, ಅಲ್ಲಿಂದ ತಿರುಗಿ ಬರಬೇಕು. ಬಂದವಳೇ ಚೀಲದಿಂದ ಅಂಟಿನುಂಡಿ ಡಬ್ಬಿ ತೆಗೆದಳು. ಅದೇ ಸಂಜೆ ಎದುರು ಮನೆಯ ಕಾಕೂ ಒಂದು ಡಬ್ಬಿ ತಂದರು, ಡಿಂಕಾಚೆ ಲಾಡು. ಎರಡೂ ಒಂದೇ: ಅಂಟು, ಕೊಬ್ಬರಿ, ಉತ್ತತ್ತಿ. ಬಾಣಂತಿಗೆ ಕೊಡುವಂಥದ್ದು. ಅವ್ವನಿಗೆ ಮರಾಠಿ ಬಾರದು, ಕಾಕೂಗೆ ಕನ್ನಡ ಬಾರದು, ಇಬ್ಬರೂ ನನ್ನ ತಲೆಗೆ ಸ್ಕಾರ್ಫ್ ಕಟ್ಟಿ, ಕಿವಿಗೆ ಹತ್ತಿ ಇಟ್ಟು ಕೂರಿಸಿದರು.

“ಅವ್ವ, ನಾ ಹಡದಿಲ್ಲ” ಅಂದೆ.

“ಹಡದಿದ್ದು ಅಲ್ಲಿಂದಲೇ ಅಲ್ಲೇನವ್ವ, ತಿನ್ನು” ಅಂದಳು.

ಮೂರನೇ ವಾರ ಕಾರಣವಿಲ್ಲದೆ ಅಳು ಬರುತ್ತಿತ್ತು. ಹೆಣ್ತನ ಹೋಯಿತು ಅನ್ನುತ್ತಾರಲ್ಲ, ಆ ದುಃಖ ಅಲ್ಲ. ಬಾತ್ರೂಮಿನ ಮಾಡದಲ್ಲಿ ಉಳಿದ ನಾಲ್ಕು ಪ್ಯಾಕೆಟ್ ಪ್ಯಾಡ್ ನೋಡಿ ಅತ್ತೆ, ಆಮೇಲೆ ಮಗಳಿಗೆ ಕೊಟ್ಟೆ. ಅಂಡಾಶಯಗಳು ಇರುವುದರಿಂದ ಈಗಲೂ ತಿಂಗಳಿಗೊಮ್ಮೆ ಎದೆ ಬಿಗಿಯುತ್ತದೆ, ಸಿಡುಕು ಬರುತ್ತದೆ, ರಕ್ತ ಮಾತ್ರ ಬರುವುದಿಲ್ಲ. ಪ್ಯಾಥಾಲಜಿ ವರದಿಯಲ್ಲಿ ತೂಕ 410 ಗ್ರಾಂ, ಕ್ಯಾನ್ಸರ್ ಇಲ್ಲ. ಎಂಟನೇ ವಾರಕ್ಕೆ ಡಾಕ್ಟರ್ ಬಾಯಿ ಎಲ್ಲದಕ್ಕೂ ‘ಹೂಂ’ ಅಂದರು, ಲೋಕಲ್ಲಿಗೂ, ಸಂಸಾರಕ್ಕೂ.

ಊರಿಗೆ ಹೊರಡುವ ಮೊದಲು ಅವ್ವ ನನ್ನ ಫೈಲು ಬಿಚ್ಚಿ ಒಂದೊಂದೇ ಕಾಗದ ಮುಟ್ಟಿ ನೋಡಿದಳು. ಓದಲು ಬಾರದು. “ಇಷ್ಟೆಲ್ಲ ಕೊಡ್ತಾರೇನು?” ಅಂದಳು. ಆ ರಾತ್ರಿ ಚಿಗವ್ವನಿಗೆ ಫೋನ್ ಮಾಡಿದೆ. ಚಿಕ್ಕ ವಯಸ್ಸಿಗೇ ಅಂಡಾಶಯ ಹೋದರೆ ಮೂಳೆ ಸವೆಯುತ್ತವೆ, ಒಮ್ಮೆ ತೋರಿಸು ಅಂತ ಹೇಳಲು.

“ಈಗ ಯಾಕ ಬೇ, ಇಪ್ಪತ್ತೈದು ವರ್ಷ ಆತು” ಅಂದಳು. ಆಮೇಲೆ ಸ್ವಲ್ಪ ತಡೆದು, “ನಿನ್ನ ಡಾಕ್ಟರಗ ಕೇಳು, ನಂದು ತೆಗಿಯೋದು ಬ್ಯಾಡಾಗಿತ್ತೇನು?”

ಬೇಡವಾಗಿತ್ತು ಅಂತ ಅನ್ನಿಸುತ್ತದೆ ಚಿಗವ್ವ, ಅಂದೆ. ಫೋನಿನಲ್ಲಿ ಎಮ್ಮೆಯ ಕೊರಳ ಗಂಟೆ ಕೇಳುತ್ತಿತ್ತು.

ಹೋದ ತಿಂಗಳು ತಮ್ಮ ಆಕೆಯನ್ನು ಕಲಬುರಗಿಗೆ ಕರೆದೊಯ್ದು ಮೂಳೆ ಪರೀಕ್ಷೆ ಮಾಡಿಸಿದ. ವರದಿಯ ಫೋಟೋ ವಾಟ್ಸಾಪಿನಲ್ಲಿ ಬಂತು, ಟಿ-ಸ್ಕೋರ್ ಮೈನಸ್ 2.9. ಮಾತ್ರೆ ಶುರುವಾಗಿದೆ. ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದಾಳಂತೆ.