ಡ್ಯೂಪಿಲ್ಲದ ದ್ವೀಪದಲ್ಲಿ ಒಂದು ದಿನ

ಬಂಡೆಯ ಮೇಲೆ ಒಂದು ಕಾಲಿಟ್ಟು, ಸೊಂಟಕ್ಕೆ ಕೈ ಕೊಟ್ಟು, ಹಿಂದೆ ಸಮುದ್ರ ಉಕ್ಕುವಾಗ ನಿಲ್ಲುವ ನಾಯಕನನ್ನು ಕಂಡು ಎಷ್ಟು ಸಲ ಶಿಳ್ಳೆ ಹಾಕಿಲ್ಲ ನಾವು? ಅಂಥ ಬಂಡೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಉಡುಪಿ ಎಕ್ಸ್‌ಪ್ರೆಸ್ ಹತ್ತಿ, ಅಲ್ಲಿಂದ ಮಲ್ಪೆ ಬಸ್ಸು ಹಿಡಿದರೆ ಸಾಕು. ಮಲ್ಪೆಯಿಂದ ದೋಣಿಯಲ್ಲಿ ಸುಮಾರು 6 ಕಿಲೋಮೀಟರ್... ಎದುರಿಗೆ ಸೇಂಟ್ ಮೇರೀಸ್ ದ್ವೀಪ!

ಕಳೆದ ಡಿಸೆಂಬರಿನ ಒಂದು ಭಾನುವಾರ ಗೆಳೆಯನೊಬ್ಬನನ್ನು ಕಟ್ಟಿಕೊಂಡು ಹೊರಟೆ. ಅವನಿಗೆ ಸಿನಿಮಾ ಹುಚ್ಚು. ಚಾನ್ಸ್ ಕೇಳಿ ಬೆಂಗಳೂರಿಗೆ ಕಳಿಸಲಿಕ್ಕೆ ನಾಲ್ಕು ಒಳ್ಳೆ ಫೋಟೋ ಬೇಕಿತ್ತು. ತೆಗೆಯುವವನು ನಾನು.

ದೋಣಿ ಇಳಿದರೆ ತೆಂಗಿನ ಮರ, ಚಿಪ್ಪು ತುಂಬಿದ ದಂಡೆ. ಆಚೆಗೆ ಹೋದರೆ ಕಲ್ಲಿನ ಕಂಬಗಳು! ಐದು ಮೂಲೆಯವು, ಆರು ಮೂಲೆಯವು, ಜೇನುಗೂಡಿನ ಕಣ್ಣುಗಳ ಹಾಗೆ ಒಂದಕ್ಕೊಂದು ಅಂಟಿ ನಿಂತಿವೆ. ಕೆಲವು ಮೆಟ್ಟಿಲಿನಂತೆ, ಕೆಲವು ಆಳೆತ್ತರ ಮೀರಿ.

“ಎಂತ ಸೆಟ್ಟಿಂಗ್ ಮಾರಾಯ! ಯಾರು ಹಾಕಿದ್ದು?” ಎಂದ.

ಪಿಯುಸಿ ಅರ್ಧಕ್ಕೆ ಬಿಟ್ಟ ನಾನು ಅಲ್ಲಿ ಮೇಷ್ಟ್ರಾದೆ. ಮಡಗಾಸ್ಕರ್ ಭಾರತಕ್ಕೆ ಅಂಟಿಕೊಂಡಿದ್ದ ಕಾಲವೊಂದಿತ್ತು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಎರಡೂ ಬೇರೆಯಾಗುವ ಹೊತ್ತಿಗೆ, ಇಲ್ಲಿ ಲಾವಾ ಉಕ್ಕಿತು. ಆರುತ್ತಾ ಕುಗ್ಗಿತು, ಕುಗ್ಗುತ್ತಾ ಬಿರುಕು ಬಿಟ್ಟಿತು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಕೆಸರಿನ ಹಾಗೆ. ಬಿರುಕು ಆಳಕ್ಕೆ ಇಳಿದಂತೆ ಕಂಬಗಳಾದವು. ಐರ್ಲೆಂಡಿನ ಕಡಲತೀರದಲ್ಲೂ ಇಂಥ ಕಂಬಗಳಿವೆ. ನಮ್ಮದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಮೇರಿ ಮಾತೆಯ ಹೆಸರಿಟ್ಟನೆಂಬ ಪ್ರತೀತಿಯೂ ಉಂಟು.

ಈ ಪಾಠ ಕೇಳುವ ತಾಳ್ಮೆ ಹೀರೋಗೆ ಎಲ್ಲಿ? ಅಂಗಿಯ ಎರಡು ಗುಂಡಿ ಬಿಚ್ಚಿ, ಕಡಲ ಅಂಚಿನ ಕಂಬ ಹತ್ತಿದ.

“ಇನ್ನೂ ಸ್ವಲ್ಪ ಹಿಂದೆ ಹೋಗು, ಅಲೆ ಬರ್ಲಿ” ಎಂದದ್ದು ನಾನೇ. ಅಲೆ ಬಂತು. ಪಾಚಿಯ ಮೇಲೆ ಕಾಲು ಜಾರಿತು. ನೋಡುನೋಡುತ್ತಿದ್ದಂತೆ ಕಂಬಗಳ ಸಂದಿಯಲ್ಲಿ, ಎದೆಮಟ್ಟ ನೀರಿನಲ್ಲಿ ಅವನು! ಸೀಟಿ ಊದುತ್ತಾ ಲೈಫ್‌ಗಾರ್ಡ್ ಓಡಿ ಬಂದರು. ಇಬ್ಬರೂ ಸೇರಿ ಎಳೆದು ಹಾಕಿದೆವು. ಮೊಣಕಾಲಿನ ಚರ್ಮ ಕಿತ್ತಿತ್ತು, ಚಪ್ಪಲಿ ಕಡಲ ಪಾಲಾಗಿತ್ತು.

“ಬೋರ್ಡ್ ಹಾಕಿದ್ದು ಯಾರಿಗೆ ಮಾರ್ರೆ? ಓದ್ಲಿಕ್ಕೆ ಬರುದಿಲ್ವಾ?”

ಬರುತ್ತದೆ ಸ್ವಾಮಿ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದ ಕಾಲೇಜು ಹುಡುಗರು ಇಲ್ಲೇ ನೀರುಪಾಲಾದ ಸುದ್ದಿಯನ್ನೂ ಪೇಪರಿನಲ್ಲಿ ಓದಿದ್ದೆ. ಆದರೂ “ಹಿಂದೆ ಹೋಗು” ಎಂದಿದ್ದೆ! ವಾಪಸು ದೋಣಿಯಲ್ಲಿ ಅವನ ಮುಖ ನೋಡಲಿಕ್ಕೆ ನನಗೆ ಧೈರ್ಯ ಬರಲಿಲ್ಲ.

ನೀವೂ ಹೋಗಿ ಬನ್ನಿ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ, ನೆನಪಿರಲಿ. ಕಂಬಗಳನ್ನು ಕಣ್ತುಂಬ ನೋಡಿ, ಅವುಗಳ ಮೇಲೆ ಹೆಸರು ಕೆತ್ತಬೇಡಿ, ಅಂಚಿಗೆ ಹೋಗಬೇಡಿ. ಪರದೆಯ ಮೇಲೆ ನಾಯಕ ಬೀಳುವಾಗ ಡ್ಯೂಪ್ ಇರುತ್ತಾನೆ, ತಪ್ಪಿದರೆ ಇನ್ನೊಂದು ಟೇಕ್. ಇಲ್ಲಿ ಎರಡೂ ಇಲ್ಲ.

ಫೋಟೋ ಏನಾಯಿತು ಅಂತೀರಾ? ಬೆಂಗಳೂರಿಗೆ ಹೋದದ್ದು ತೆಂಗಿನ ಮರದ ಕೆಳಗೆ, ಬರಿಗಾಲಲ್ಲಿ ನಿಂತದ್ದು!