ಊರಿನ ಕೆಳಗೊಂದು ಊರು

ಕಳೆದ ಬೇಸಿಗೆ ರಜೆಯಲ್ಲಿ ಹುಬ್ಬಳ್ಳಿಯಿಂದ ಬಂದ ಮೊಮ್ಮಗ ನನ್ನ ಮುಂದೆ ಮೊಬೈಲು ಹಿಡಿದ. ತುರ್ಕಿ ದೇಶದ ಡೆರಿಂಕುಯು ಎಂಬ ಊರಿನ ಕೆಳಗೆ, ಕಲ್ಲು ಕೊರೆದು ಮಾಡಿದ ಅಂತಸ್ತು ಅಂತಸ್ತಿನ ಇನ್ನೊಂದು ಊರಿದೆ. ಶತ್ರುಗಳು ಬಂದಾಗ ಜನ ಅದರೊಳಗೆ ಅಡಗುತ್ತಿದ್ದರು.

“ಅಜ್ಜಾ, ನಮ್ಮ ಕಡೆ ಇಂಥಾದ್ದು ಇಲ್ಲೇನು?”

“ಐತಿ. ಚಪ್ಪಲಿ ಹಾಕ್ಕೊಂಡು ಬಾ” ಎಂದೆ.

ನಮ್ಮದು ಸವಣೂರು ತಾಲ್ಲೂಕಿನ ಹಳ್ಳಿ. ಓಣಿಯಲ್ಲಿ ನಿಂತು ಕೋಲಿನಿಂದ ತೋರಿಸುತ್ತ ಹೋದೆ. “ಈ ಕಟ್ಟೀ ಮುಂದ ಒಂದು, ಆ ಬೇವಿನ ಗಿಡದ ಬುಡಕ್ಕ ಎರಡು, ಗುಡೀ ಮಗ್ಗಲಿಗೆ ಒಂದು...” ನನ್ನ ನೆನಪಿನಲ್ಲೇ ಹನ್ನೊಂದು ಸಿಕ್ಕವು. ಹುಡುಗನಿಗೆ ಕಂಡದ್ದು ಬರೀ ಕಾಂಕ್ರೀಟ್ ರಸ್ತೆ.

ಅವೆಲ್ಲ ಹಗೇವುಗಳು. ಹಗೇವು ಎಂದರೆ ಕಾಳು ಇಡುವ ನೆಲಮಾಳಿಗೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಗಡಿಗೆಯಂತೆ ಅಗಲ. ತಳಕ್ಕೂ ಸುತ್ತಲೂ ಒಣಹುಲ್ಲು, ಹೊಟ್ಟು ಹಾಕಿ ಜೋಳ ಸುರಿಯುತ್ತಿದ್ದರು. ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ನಮ್ಮ ಮನೆಯದು ಇಪ್ಪತ್ತು ಚೀಲ ಹಿಡಿಯುತ್ತಿತ್ತು.

ಬ್ಯಾಂಕಿನ ಕೆಲಸದಲ್ಲಿ ನಾನು ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಎಲ್ಲ ಕಡೆ ಇದ್ದವನು. ಮಳೆ ಹೆಚ್ಚು ಬೀಳುವ, ಭತ್ತ ಬೆಳೆಯುವ ಹಾನಗಲ್ಲಿನ ಹಸಿ ನೆಲಕ್ಕೆ ಹಗೇವು ಒಗ್ಗುವುದಿಲ್ಲ. ನೀರು ಇಳಿದರೆ ಕಾಳು ಕೊಳೆಯುತ್ತದೆ. ಜೋಳ ಬೆಳೆಯುವ ಒಣ ಸೀಮೆಗೇ ಅದು ಸೈ.

ಮಣ್ಣಿನೊಳಗೆ ಏಕೆ ಇಡಬೇಕಿತ್ತು? ಸವಣೂರು ನವಾಬರ ಸಂಸ್ಥಾನ. ಒಂದು ಕಡೆ ಮರಾಠರು, ಇನ್ನೊಂದು ಕಡೆ ಹೈದರ್ ಮತ್ತು ಟಿಪ್ಪು, ನಡುವೆ ಈ ಗಡಿಸೀಮೆ. ದಂಡು ಬಂದರೆ ಮೊದಲು ಲೂಟಿಯಾಗುವುದು ಕಾಳು. ಮಣ್ಣು ಮುಚ್ಚಿದ ಹಗೇವು ಪರಊರವನ ಕಣ್ಣಿಗೆ ಬೀಳುತ್ತಿರಲಿಲ್ಲ. ಬರಗಾಲಕ್ಕೂ ಅದೇ ಆಸರೆ. 1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಧಾರವಾಡ ಸೀಮೆ ತತ್ತರಿಸಿತ್ತು. ಆ ಬರದ ಮಾತು ನಮ್ಮ ಅಜ್ಜನ ಬಾಯಲ್ಲಿ ಇನ್ನೂ ಇತ್ತು. ಎರಡು ವರ್ಷದ ಕಾಳು ನೆಲದಲ್ಲಿ ಇದ್ದರೆ ಮಾತ್ರ ಆತನಿಗೆ ನಿದ್ದೆ.

ಬೀಗವಿಲ್ಲದ ಈ ತಿಜೋರಿಗೆ ಒಂದು ಕಾವಲುಗಾರ ಮಾತ್ರ ಇದ್ದ. ಅವನನ್ನು ನಾನು ಹತ್ತು ವರ್ಷದವನಿದ್ದಾಗ ಕಂಡೆ.

ಅಂದು ಬೆಳಿಗ್ಗೆ ಹಗೇವಿನ ಕಲ್ಲು ಸರಿಸಿದ್ದರು. “ಸಂಜೀತನಕ ಯಾರೂ ಹತ್ತರ ಹೋಗಬ್ಯಾಡ್ರಿ” ಎಂದು ಹೇಳಿ ಅಜ್ಜ ಹಿತ್ತಲಿಗೆ ಹೋದ. ನಾನು ಸಣಕಲ. ಮೊದಲು ಇಳಿದು ಶೂರನೆನಿಸಿಕೊಳ್ಳುವ ಆಸೆ. ಎರಡೂ ಕಾಲು ಒಳಗೆ ಬಿಟ್ಟು ಕುಳಿತಿದ್ದೆ. ಹಿಂದಿನಿಂದ ಯಾರೋ ರಟ್ಟೆ ಹಿಡಿದು ಎಳೆದರು. ಕೆನ್ನೆಗೆ ಒಂದು ಏಟು ಬಿತ್ತು. ಅಜ್ಜ ನನಗೆ ಹೊಡೆದದ್ದು ಜೀವಮಾನದಲ್ಲಿ ಅದೊಂದೇ ಸಲ.

ನನ್ನ ಅಳು ನಿಲ್ಲುವ ಮೊದಲೇ ಆತ ಕಂದೀಲಿಗೆ ಹಗ್ಗ ಕಟ್ಟಿ ಒಳಗೆ ಇಳಿಬಿಟ್ಟ. ಒಂದಾಳು ಆಳಕ್ಕೆ ಹೋಗುವಷ್ಟರಲ್ಲಿ ಉರಿ ಸಣ್ಣದಾಯಿತು. ಇನ್ನೊಂದು ಮೊಳ ಇಳಿಸಿದ. ದೀಪ ಆರಿತು. ಗಾಳಿ ಬೀಸಲಿಲ್ಲ, ಸದ್ದಾಗಲಿಲ್ಲ, ಸುಮ್ಮನೆ ಆರಿತು.

“ದೀಪ ಬದುಕಲಾರದ ಜಾಗಾದಾಗ ನೀ ಬದುಕ್ತಿದ್ದೇನು?” ಎಂದ. ಅವನ ಕೈ ನಡುಗುತ್ತಿತ್ತು.

ಮುಂದೆ ಕಾಲೇಜಿನ ಗೆಳೆಯನೊಬ್ಬ ಇದರ ಕಾರಣ ತಿಳಿಸಿದ. ಮಕ್ಕಳೇ, ಕಾಳಿಗೂ ಜೀವವಿದೆ, ಅದೂ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ನುಸಿ, ಹುಳಗಳು ಬದುಕುವುದಿಲ್ಲ, ಕಾಳು ಉಳಿಯುತ್ತದೆ. ಆದರೆ ಈ ಅನಿಲ ಗಾಳಿಗಿಂತ ಭಾರ, ಬಣ್ಣವಿಲ್ಲ, ವಾಸನೆಯಿಲ್ಲ. ಬಾಯಿ ತೆರೆದರೂ ತಳದಲ್ಲೇ ಕುಳಿತಿರುತ್ತದೆ. ಕಾಳನ್ನು ಕಾಯುವುದೂ ಅದೇ, ಮನುಷ್ಯನನ್ನು ಕೊಲ್ಲುವುದೂ ಅದೇ.

ತಿರುಗಾಟದ ಕೊನೆಗೆ ಗುಡಿಯ ಮಗ್ಗುಲಿನ ಹಗೇವಿಗೆ ಬಂದೆವು. ಅದೊಂದರ ಕಲ್ಲು ಮಾತ್ರ ಇನ್ನೂ ಕಾಣುತ್ತದೆ. ನಾಲ್ಕು ಜನ ಸೇರಿ ಸರಿಸಿದರು. ಮೊಮ್ಮಗನನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ, ಕಂದೀಲು ಇಳಿಬಿಟ್ಟೆ. ಒಂದಾಳು ಇಳಿಯಿತು, ಇನ್ನೂ ಇಳಿಯಿತು, ತಳ ಮುಟ್ಟಿತು. ದೀಪ ಉರಿಯುತ್ತಲೇ ಇತ್ತು. ಆ ಬೆಳಕಿನಲ್ಲಿ ಕಂಡದ್ದು ಬರಿಯ ಮಣ್ಣು. ಎಷ್ಟೋ ವರ್ಷಗಳಿಂದ ಅಲ್ಲಿ ಒಂದು ಕಾಳೂ ಬಿದ್ದಿಲ್ಲ.

“ದೀಪ ಆರಲಿಲ್ಲಲ್ಲ ಅಜ್ಜಾ, ನಾ ಇಳೀಲೇನು?”

“ಬ್ಯಾಡ” ಎಂದೆ. ದೀಪ ಉರಿದ ಮಾತ್ರಕ್ಕೆ ಒಳಗಿನ ಗಾಳಿಯನ್ನು ನಂಬುವಂತಿಲ್ಲ. ಹಾಳುಬಾವಿ, ಮ್ಯಾನ್‌ಹೋಲ್‌ಗಳಲ್ಲೂ ಹೀಗೆಯೇ. ಮೊದಲು ಇಳಿದವನನ್ನು ಎತ್ತಲು ಇಳಿದವನೂ ಮೇಲೆ ಬರುವುದಿಲ್ಲ.

ಅವನು ಹಟ ಮಾಡಲಿಲ್ಲ. ಕಲ್ಲು ಮುಚ್ಚಿದ ಮೇಲೆ ಕಾಲಿನಿಂದ ಅದನ್ನು ಬಡಿದು ನೋಡಿದ. ಒಳಗಿನಿಂದ ಧಂ ಧಂ ಎಂದಿತು. ಮನೆಯವರೆಗೂ ಹಾದಿಯುದ್ದಕ್ಕೂ, ನಾನು ತೋರಿಸಿದ ಜಾಗದಲ್ಲೆಲ್ಲ ನಿಂತು, ಕಾಂಕ್ರೀಟಿನ ಮೇಲೆ ಕಾಲು ಬಡಿದು ಕಿವಿಗೊಡುತ್ತ ಬಂದ.